ಬಲ ಭುಜ, ಅರ್ಧ ಇಂಚು

ಮಂಗಳವಾರ, ಹದಿನಾಲ್ಕನೇ ತಾರೀಖು
ಮಧ್ಯಾಹ್ನ, ಊಟದ ಬಿಡುವು

ಕತ್ತರಿ ಸಾಮ್ರಾಜ್ಯದ ಏಕೈಕ ಚಕ್ರವರ್ತಿಗಳೂ ಸೂಜಿದಾರಗಳ ಒಡೆಯರೂ ಒಂದು ಕಾಲಕ್ಕೆ ನನ್ನವರೂ ಆಗಿದ್ದ ಮಾಸ್ಟರಿಗೆ,

ನಿಮ್ಮ ಪರದೆ ರಾಣಿಯ ನಮಸ್ಕಾರ.

ಒಂದು ವರ್ಷ ನಾಲ್ಕು ತಿಂಗಳ ಮೇಲೆ ಇದು ನನ್ನ ಮೊದಲ ಕಾಗದ. ಹರಿದು ಹಾಕುವುದಿದ್ದರೆ ಓದಿಯಾದ ಮೇಲೆ ಹರಿಯಿರಿ. ಮೊದಲನೇ ಅಂಕದಲ್ಲೇ ಎದ್ದು ಹೊರಟ ಪ್ರೇಕ್ಷಕನನ್ನು ನಮ್ಮಪ್ಪ ಸಿಂಹಾಸನದ ಮೇಲಿಂದಲೇ ಗದರಿಸುತ್ತಿದ್ದರಲ್ಲ, “ಏಯ್ ಮೂರನೇ ಸಾಲು! ನಾನಿನ್ನೂ ಸತ್ತಿಲ್ಲ, ಕೂತ್ಕೊಳಯ್ಯ!” ಅಂತ. ಆ ಗಂಟಲಿನ ಮಗಳು ನಾನು. ಕೂತುಕೊಳ್ಳಿ.

ನೀವೀಗ ಎಲ್ಲಿದ್ದೀರೋ ನನಗೆ ತಿಳಿಯದು. ಎಲ್ಲಿದ್ದರೂ ಒಂದಲ್ಲ ಒಂದು ದಿನ ನಿಮ್ಮ ಅಕ್ಕನ ಮನೆಯ ಬಾಗಿಲು ತಟ್ಟುತ್ತೀರಿ ಎಂಬುದಷ್ಟೇ ಗೊತ್ತು. ಅದಕ್ಕೇ ಅವರ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಜೊತೆಗೊಂದು ಗಂಟಿದೆ. ಕಾಗದ ಮುಗಿಯುವ ತನಕ ಬಿಚ್ಚಬೇಡಿ. ಕತ್ತಿ ಕೊನೆಯ ದೃಶ್ಯಕ್ಕೇ ಬರಬೇಕು.

ನೀವು ಕತ್ತರಿ ಬಿಟ್ಟಿರೆಂದು ಕೇಳಿದೆ. ಮತ್ತೆ ಹಿಡಿಯಬೇಕು. ಅದನ್ನು ಕೇಳಲಿಕ್ಕಾಗಿಯೇ ಈ ಕಾಗದ. ಉಳಿದದ್ದೆಲ್ಲ ಹಿನ್ನೆಲೆ ಸಂಗೀತ ಎಂದುಕೊಳ್ಳಿ.

ನಮ್ಮಿಬ್ಬರ ಕಡೆಯ ದೃಶ್ಯವನ್ನು ನಾನು ಮರೆತಿಲ್ಲ. ನಮ್ಮ ಹೊಲಿಗೆ ಅಂಗಡಿಯ ಎದುರಿಗೆ ಗಾಜಿನ ಬಾಗಿಲಿನ ಆ ರೆಡಿಮೇಡ್ ಅಂಗಡಿ ಎದ್ದು ನಿಂತ ಮೇಲೆ ನಮ್ಮಲ್ಲಿಗೆ ಯಾರೂ ಅಳತೆ ಕೊಡಲು ಬರಲಿಲ್ಲ. ಅಲ್ಲಿ ಕೊಂಡು, ತೋಳು ಉದ್ದವಾಯಿತು, ಸೊಂಟ ಸಡಿಲವಾಯಿತು ಎಂದು ನಮ್ಮಲ್ಲಿಗೆ ತರುತ್ತಿದ್ದರು. ನೀವೋ! “ಅವರು ಮಾಡಿದ ತಪ್ಪನ್ನ ತಿದ್ದಕ್ಕೆ ನಾನೇನು ಅವರ ಮನೆ ಮೇಷ್ಟ್ರಾ?” ಎಂದು ವಾಪಸು ಕಳಿಸುತ್ತಿದ್ದಿರಿ. ಹೊಲಿಗೆ ಯಂತ್ರದ ಮೇಲೆ ಧೂಳು ಕೂತಿತು. ಒಂದು ದಿನ ನಾನು ರಸ್ತೆ ದಾಟಿ, ಆ ಗಾಜಿನ ಬಾಗಿಲು ತಳ್ಳಿ, ಕೆಲಸ ಕೇಳಿಕೊಂಡು ಬಂದೆ.

“ನಮ್ಮ ಅನ್ನ ಕಿತ್ಕೊಂಡೋರ ಮುಂದೇನೇ ಕೈಯೊಡ್ತೀಯಾ?” ಅಂದಿರಿ.

“ಅನ್ನ ಎಲ್ಲಿದೆಯೋ ಅಲ್ಲೇ ತಾನೆ ಕೈಯೊಡ್ಡೋದು? ಖಾಲಿ ತಟ್ಟೆ ಮುಂದೆ ಒಡ್ಡಲಾ?” ಅಂದೆ. ನನ್ನ ದನಿ ಬೀದಿಯ ಕೊನೆಯ ಮನೆಗೂ ಕೇಳಿಸಿರಬೇಕು. ನೀವು ಮಾತ್ರ ದನಿ ಏರಿಸಲಿಲ್ಲ. ಕತ್ತರಿಗೆ ಕೆಂಪು ಫ್ಲಾನಲ್ ಬಟ್ಟೆ ಸುತ್ತುತ್ತಾ, “ನೋಡು, ಅಳತೆ ಅಂದ್ರೆ ಒಬ್ಬ ಮನುಷ್ಯ. ಸೈಜು ಅಂದ್ರೆ ಯಾರೂ ಅಲ್ಲ. ನೀನು ಯಾರೂ ಅಲ್ಲದೋರಿಗೆ ಬಟ್ಟೆ ಮಾರಕ್ಕೆ ಹೊರಟಿದೀಯ” ಅಂದಿರಿ. ಅಷ್ಟೇ. ಹೊಸ್ತಿಲು ದಾಟಿದಿರಿ. ನಾನು ಚಪ್ಪಾಳೆ ತಟ್ಟಿದೆ, ಮಾಸ್ಟರೇ. ಗಂಡ ಮನೆ ಬಿಟ್ಟು ಹೋಗುವಾಗ ಹೆಂಡತಿ ಚಪ್ಪಾಳೆ ತಟ್ಟಿದ್ದನ್ನು ಯಾವ ನಾಟಕದಲ್ಲೂ ನಾನು ನೋಡಿಲ್ಲ. ಆ ಸದ್ದು ಇನ್ನೂ ನನ್ನ ಅಂಗೈಯಲ್ಲಿದೆ.

ಇರಲಿ. ನನ್ನ ಉದ್ಯೋಗಪರ್ವ ಕೇಳಿ.

ಕೆಲಸಕ್ಕೆ ಆರಿಸುವ ದಿನ ಆ ಅಂಗಡಿಯವರ ಕಚೇರಿಯಲ್ಲಿ ಮೇಜಿನ ಮೇಲೆ ಐದು ಅಂಗಿಗಳನ್ನು ಹರಡಿ, ಯಾವುದು ಮೊದಲು ಖರ್ಚಾಗುತ್ತದೆ ಎಂದು ಕೇಳಿದರು. ನನ್ನ ಜೊತೆ ಬಂದಿದ್ದ ಇಪ್ಪತ್ತೆರಡರ ಹುಡುಗಿಯರೆಲ್ಲ ಬಣ್ಣ, ಋತು, ಟ್ರೆಂಡು ಎಂದು ಏನೇನೋ ಹೇಳಿದರು. ಮೂವತ್ತಾರರ ನಾನು ಎಲ್ಲಕ್ಕಿಂತ ಸಪ್ಪೆಯಾಗಿದ್ದ ಕಂದು ಅಂಗಿಯನ್ನು ಎತ್ತಿ ಹಿಡಿದೆ. “ಇದ್ರಲ್ಲಿ ಕೊಳೆ ಕಾಣಲ್ಲ. ವಾರಕ್ಕೆ ಮೂರು ದಿನ ಹಾಕ್ಕೊಂಡ್ರೂ ಯಾರೂ ಗುರುತಿಡಿಯಲ್ಲ. ಕೆಲಸಕ್ಕೆ ಹೋಗೋ ಹೆಂಗಸಿಗೆ ಇನ್ನೇನು ಬೇಕು?” ಅಂದೆ. ಕೆಲಸ ಸಿಕ್ಕಿತು. ನಿಮ್ಮ ಅಂಗಡಿಯ ಬೆಂಚಿನ ಮೇಲೆ ಹದಿನೈದು ವರ್ಷ ಕೂತು ಹೆಂಗಸರ ಮಾತು ಕೇಳಿದ್ದರ ಫಲ ಅದು.

ಮೊದಲನೇ ದಿನವೇ ಮಾನ ಹೋಯಿತು. ಕಪಾಟಿನ ಹತ್ತಿರ ಯಾರೋ ಬೆನ್ನು ಮಾಡಿ ನಿಂತಿದ್ದಳು. “ಸ್ವಲ್ಪ ಜರುಗಮ್ಮ” ಅಂದೆ. ಜರುಗಲಿಲ್ಲ. “ಕಿವಿ ಕೇಳಲ್ವಾ ತಾಯಿ?” ಅಂದೆ. ನೋಡಿದರೆ ಬೊಂಬೆ! ಅವತ್ತಿನಿಂದ ಇಡೀ ಕಚೇರಿಗೆ ನಾನು ಜರುಗಮ್ಮ.

ಮರ್ಚೆಂಡೈಸರ್ ಎಂದರೆ ಏನು ಎಂದು ನೀವು ಒಮ್ಮೆಯೂ ಕೇಳಲಿಲ್ಲ. ಹೇಳುತ್ತೇನೆ. ಯಾವ ಬಟ್ಟೆ, ಯಾವ ಬಣ್ಣ, ಎಷ್ಟು ಸಣ್ಣ ಸೈಜು, ಎಷ್ಟು ದೊಡ್ಡದು, ಯಾವ ಅಂಗಡಿಯ ಯಾವ ಗೋಡೆಗೆ ಯಾವ ವಾರ ಹೋಗಬೇಕು ಎಂದು ಗೊತ್ತು ಮಾಡುವವಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಾತ್ರ ಹಂಚುವವಳು. ಬಾಗಿಲಿಗೆ ಎದುರಾಗಿ ತೂಗುವ ಅಂಗಿ ನಾಯಕಿ. ಆರು ವಾರದಲ್ಲಿ ಖರ್ಚಾಗದಿದ್ದರೆ ಹಿಂದಿನ ಗೋಡೆಗೆ ಹೋಗಿ ದಾಸಿ. ನನಗೆ ಕಲಿಸಿದವರನ್ನು ಎಲ್ಲರೂ ಇಂಚು ಮೇಡಂ ಅನ್ನುತ್ತಾರೆ. ನಗುವನ್ನೂ ಟೇಪು ಹಿಡಿದೇ ನಗುವ ಹೆಂಗಸು, ಆದರೆ ನ್ಯಾಯವಂತೆ. ಹೊಲಿಗೆ ಘಟಕಗಳಿಂದ ಮೊದಲು ಒಂದೇ ಒಂದು ಸ್ಯಾಂಪಲ್ ಬರುತ್ತದೆ. ಅದನ್ನು ನಾವು ಒಪ್ಪಿದರೆ ಅದರಂತೆ ಮೂರು ಸಾವಿರ. ತಿರಸ್ಕರಿಸಿದರೆ, ಯಾರೂ ಕದ್ದು ಮಾರದ ಹಾಗೆ ಅದನ್ನು ಕತ್ತರಿಯಿಂದ ಸೀಳಿಬಿಡುತ್ತಾರೆ. ಮೊದಲ ಸಲ ಆ ಸೀಳುವ ಸದ್ದು ಕೇಳಿದಾಗ ನಾನು ಕಿವಿ ಮುಚ್ಚಿಕೊಂಡಿದ್ದೆ.

ಈಗ ದುರಂತದ ಪ್ರವೇಶ. ದೀಪ ಸ್ವಲ್ಪ ತಗ್ಗಲಿ.

ಎರಡು ತಿಂಗಳ ಹಿಂದೆ, ನನ್ನ ಕೆಲಸ ಕಾಯಂ ಆಗಬೇಕಿದ್ದ ವಾರ, ಯಾವುದೋ ಘಟಕದಿಂದ ಒಂದು ಸ್ಯಾಂಪಲ್ ಬಂತು. ಹೆಂಗಸರ ಉದ್ದ ತೋಳಿನ ಅಂಗಿ, ಬೂದಿ ನೀಲಿ, ಮೀಡಿಯಂ ಸೈಜು. ಅಳತೆಯ ಡಮ್ಮಿಗೆ ತೊಡಿಸಿದಾಗ ಕುತ್ತಿಗೆಯಿಂದ ಬಲ ಕಂಕುಳಿನವರೆಗೆ ಓರೆಯಾಗಿ ಒಂದು ಸುಕ್ಕು. “ಜರುಗಮ್ಮ, ಇವತ್ತು ನಾನು ಬಾಯಿ ಬಿಡಲ್ಲ. ತೀರ್ಪು ನಿಂದೇ” ಎಂದು ಇಂಚು ಮೇಡಂ ಕೈಕಟ್ಟಿ ನಿಂತರು. ಟೇಪು ಹಿಡಿದೆ. ಎಡ ಭುಜ ಸೈಜಿನ ಚಾರ್ಟಿನಲ್ಲಿದ್ದಂತೆಯೇ ಇತ್ತು. ಬಲ ಭುಜ ಅರ್ಧ ಇಂಚು ಕೆಳಗೆ.

ಅರ್ಧ ಇಂಚು!

ನೀವು ರಾಜರ ಅಂಗಿ ಹೊಲಿಯಲು ನಮ್ಮಪ್ಪನ ನಾಟಕ ಕಂಪನಿಗೆ ಬಂದಾಗ ನನಗೆ ಇಪ್ಪತ್ತು. ಎಂಟನೇ ವಯಸ್ಸಿನಿಂದ ಪರದೆಯ ಹಗ್ಗ ಎಳೆದೆಳೆದು ನನ್ನ ಬಲ ಭುಜ ಜಗ್ಗಿಹೋಗಿತ್ತು. ಏನು ತೊಟ್ಟರೂ ಬಲಗಡೆಗೆ ಜಾರುತ್ತಿತ್ತು. ಕಂಪನಿಯ ಹುಡುಗಿಯರು ಸೊಟ್ಟ ತಕ್ಕಡಿ ಅನ್ನುತ್ತಿದ್ದರು. ನೀವು ಟೇಪು ಹಿಡಿದು, ಎರಡು ಸಲ ನೋಡಿ, ನನಗೆ ಮಾತ್ರ ಕೇಳುವಂತೆ, “ಅರ್ಧ ಇಂಚು ಅಷ್ಟೇ. ಇದು ನಿಂಗೂ ನಂಗೂ ಗೊತ್ತಿದ್ರೆ ಸಾಕು. ಬಟ್ಟೆ ಯಾರಿಗೂ ಹೇಳಲ್ಲ” ಅಂದಿರಿ. ಹದಿನೈದು ವರ್ಷ ನಿಮ್ಮ ಬಟ್ಟೆ ಯಾರಿಗೂ ಹೇಳಲಿಲ್ಲ. ನಾನು ನೆಟ್ಟಗಿರುವ ಹೆಣ್ಣು ಎಂದೇ ಲೋಕ ನಂಬಿತ್ತು.

ಆದರೂ ಆ ದಿನ ಆ ಅಂಗಿಯ ಮುಂದೆ ನನಗೆ ಏನೂ ಹೊಳೆಯಲಿಲ್ಲ. ಯಾರೋ ಅಡ್ಡಾದಿಡ್ಡಿ ಕೈಯವರ ಕೆಲಸ ಅಂದುಕೊಂಡೆ. ಇಂಥ ಸಣ್ಣ ತಪ್ಪಿಗೆ ‘ಭುಜ ಸರಿಪಡಿಸಿ ಮತ್ತೆ ಕಳಿಸಿ’ ಎಂದು ಬರೆಯುವುದು ವಾಡಿಕೆ. ನಾನು ಕೆಂಪು ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದೆ: ‘ತಿರಸ್ಕೃತ. ಇದನ್ನು ಕತ್ತರಿಸಿದವರಿಗೆ ಅಳತೆ ಎಂದರೇನೆಂದು ಗೊತ್ತಿಲ್ಲ.’

“ಅಬ್ಬಬ್ಬಾ, ಖಾರ ಜಾಸ್ತಿ ಆಯ್ತಲ್ಲಮ್ಮ!” ಅಂದರು ಇಂಚು ಮೇಡಂ. “ಇರ್ಲಿ ಬಿಡು, ಈ ಕೆಲಸಕ್ಕೆ ಸ್ವಲ್ಪ ಖಾರ ಬೇಕು.” ಸ್ಯಾಂಪಲ್ ಗೋದಾಮಿಗೆ ಹೋಯಿತು. ಶುಕ್ರವಾರ ನನ್ನ ಕೆಲಸ ಕಾಯಂ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹತ್ತು ದಿನದ ಮೇಲೆ ಆ ಘಟಕದ ಮ್ಯಾನೇಜರು ಹೊಸ ಸ್ಯಾಂಪಲ್ ಹಿಡಿದು ಬಂದರು. ಮೈಗೆಲ್ಲ ಸೆಂಟು, ಬಾಯಿ ತುಂಬ ಕ್ಷಮೆ. “ಆ ಮಾಸ್ಟರನ್ನ ಕಳಿಸ್ಬಿಟ್ವಿ ಮೇಡಂ, ನೀವು ತಲೆ ಕೆಡಿಸ್ಕೋಬೇಡಿ. ವಿಚಿತ್ರ ಮನುಷ್ಯ ಕಣ್ರೀ! ಮೀಡಿಯಂ ಚಾರ್ಟ್ ಕೊಟ್ರೆ ಮಡಚಿ ಪಕ್ಕಕ್ಕಿಟ್ಟ. ‘ಮೀಡಿಯಂ ನನ್ನ ಕೈಗೆ ಗೊತ್ತು’ ಅಂದ. ಕೈಗೆ ಗೊತ್ತಂತೆ!” ಎಂದು ನಕ್ಕರು. ನಾನೂ ನಕ್ಕೆ ಎಂದು ಕಾಣುತ್ತದೆ. ಅವರು ಮುಂದುವರಿಸಿದರು. “ನೀವು ಬರೆದಿದ್ದನ್ನ ಓದಿ ಹೇಳಿದೆ. ಚೀಟಿ ಈ ಕಡೆ ಕೊಡಿ ಅಂತ ಇಸ್ಕೊಂಡ. ಓದಕ್ಕಲ್ಲ, ಬರೀ ಅಕ್ಷರ ನೋಡ್ತಾ ನಿಂತಿದ್ದ. ಆಮೇಲೆ ‘ಸರಿಯಾಗೇ ಬರೆದಿದಾರೆ, ಅವರಿಗೆ ಗೊತ್ತಿರುತ್ತೆ’ ಅಂದ. ಅಳತೆ ಗೊತ್ತಿಲ್ಲದೋನಿಗೆ ಕತ್ತರಿ ಯಾಕೆ ಅಂತ ಮೇಜಿನ ಮೇಲೇ ಬಿಟ್ಟು ಹೊರಟೋದ. ಕೆಂಪು ಫ್ಲಾನಲ್ ಸುತ್ತಿದ ಕತ್ತರಿ ಮೇಡಂ, ಮಗು ಥರ ಇಟ್ಕೊಂಡಿದ್ದ.”

ಕೆಂಪು ಫ್ಲಾನಲ್ ಎಂಬ ಮಾತು ಕಿವಿಗೆ ಬಿದ್ದಾಗಲೇ ನನಗೆ ತಿಳಿದದ್ದು. ನಂಬಿ, ಅಲ್ಲಿಯವರೆಗೆ ತಿಳಿದಿರಲಿಲ್ಲ. ಗೊತ್ತಿಲ್ಲದೆ ಆದ ಅಪರಾಧ. ಗುರುತು ಸಿಗದೆ ತನ್ನವರ ಮೇಲೇ ಬಾಣ ಬಿಟ್ಟವರನ್ನು ರಂಗದ ಮೇಲೆ ಎಷ್ಟು ಸಲ ಕ್ಷಮಿಸಿಲ್ಲ ನಾವು? ನನ್ನನ್ನೂ ಹಾಗೇ ಕ್ಷಮಿಸಿ.

ಆ ಕತ್ತರಿಯನ್ನು ನನಗೆ ತಂದುಕೊಡಿ ಎಂದು ಮ್ಯಾನೇಜರಿಗೆ ದುಂಬಾಲು ಬಿದ್ದೆ. ನಮ್ಮ ಸ್ಯಾಂಪಲ್ ಕೋಣೆಗೆ ಬೇಕು ಎಂದು ಸುಳ್ಳು ಹೇಳಿದೆ. ಅದೇ ಈ ಗಂಟಿನಲ್ಲಿದೆ. ಸಾಣೆ ಹಿಡಿಸಿಲ್ಲ, ನಿಮ್ಮ ಕತ್ತರಿಗೆ ಬೇರೆಯವರ ಕೈ ತಾಗಬಾರದು ಎಂಬುದು ಗೊತ್ತು.

ಮನೆಗೆ ಬನ್ನಿ ಎಂದು ಕರೆಯುವ ಬಾಯಿ ನನಗಿಲ್ಲ. ಕೆಲಸ ಬಿಡುತ್ತೇನೆ ಎಂದು ಆಸೆ ತೋರಿಸುವುದೂ ಇಲ್ಲ, ಏಕೆಂದರೆ ಬಿಡುವುದಿಲ್ಲ. ಈ ಕೆಲಸ ನನಗೆ ಬರುತ್ತದೆ, ಮಾಸ್ಟರೇ. ಜೀವನದಲ್ಲಿ ಮೊದಲ ಸಲ ಪರದೆ ಎಳೆಯುವುದು ಬಿಟ್ಟು ಬೇರೇನೋ ನನಗೆ ಬರುತ್ತದೆ. ಆದರೆ ನೀವು ಕತ್ತರಿ ಹಿಡಿಯದ ಊರಿನಲ್ಲಿ ನಾನು ಅಂಗಿ ಮಾರಿಕೊಂಡು ಹೇಗಿರಲಿ? ನನ್ನ ಮೇಲಿನ ಸಿಟ್ಟಿಗಾದರೂ ಹಿಡಿಯಿರಿ. ಯಾರದ್ದಾದರೂ ಅಳತೆ ತೆಗೆದುಕೊಳ್ಳಿ. ನನ್ನದೇ ಆಗಬೇಕಿಲ್ಲ.

ಆ ಮೂರು ಸಾವಿರ ಅಂಗಿ ಮೊನ್ನೆ ಬಂದವು. ಎಲ್ಲದರ ಭುಜವೂ ಸಮ. ಬಾಗಿಲಿಗೆ ಎದುರಾಗಿ ತೂಗಿಸಿದ್ದೇನೆ. ಚೆನ್ನಾಗಿ ಖರ್ಚಾಗುತ್ತಿವೆ.

ಊಟದ ಗಂಟೆ ಮುಗಿಯಿತು. ಒಳಗೆ ಕರೆಯುತ್ತಿದ್ದಾರೆ.

ಇಂತಿ,
ಒಂದು ಭುಜ ತಗ್ಗಿದ, ಈಗ ತಲೆಯೂ ತಗ್ಗಿದ
ನಿಮ್ಮ ಪರದೆ ರಾಣಿ

ಮರೆತ ಮಾತು: ಲಕೋಟೆ ಅಂಟಿಸಿದ್ದೆ. ಸಂಜೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಮಾತು ನಾಟಕದ್ದು. ಮ್ಯಾನೇಜರು ಬರುವ ಮೊದಲೇ ನನಗೆ ಗೊತ್ತಿತ್ತು. ಟೇಪು ಇಟ್ಟಾಗಲೇ ಗೊತ್ತಾಯಿತು. ಇನ್ನೊಮ್ಮೆ ನೋಡುತ್ತೇನೆ ಎಂದು ಮೇಡಂಗೆ ಹೇಳಿ, ಅಂಗಿಯನ್ನು ಟ್ರಯಲ್ ರೂಮಿಗೆ ಒಯ್ದು, ಬಾಗಿಲು ಹಾಕಿಕೊಂಡು ತೊಟ್ಟೆ. ಸುಕ್ಕು ಮಾಯವಾಯಿತು. ಎರಡನೇ ಗುಂಡಿಯನ್ನು ಜೋಡಿ ದಾರದಲ್ಲಿ ಹಾಕಿದ್ದಿರಿ, ನಾನು ಮಾತಾಡುವಾಗ ಅದನ್ನೇ ತಿರುವಿ ತಿರುವಿ ಕೀಳುತ್ತೇನೆಂದು. ಒಂದು ವರ್ಷದಲ್ಲಿ ಮೊದಲ ಸಲ ಕನ್ನಡಿಯಲ್ಲಿ ನೆಟ್ಟಗೆ ನಿಂತಿದ್ದೆ. ಆಗ ಸಿಟ್ಟು ಎದ್ದಿತು ನೋಡಿ: ನನ್ನನ್ನು ಬಿಟ್ಟು ಹೋದ ಮನುಷ್ಯ ನನ್ನ ಭುಜವನ್ನು ಮಾತ್ರ ಕೈಯಲ್ಲಿ ಹೊತ್ತುಕೊಂಡು ತಿರುಗುತ್ತಿದ್ದಾನೆ! ನೋಯಬೇಕು, ಓದಿ ನೋಯಬೇಕು ಎಂದೇ ಹುಡುಕಿ ಹುಡುಕಿ ಆ ವಾಕ್ಯ ಬರೆದೆ. ಅಂಗಿ ಗೋದಾಮಿಗೂ ಹೋಗಲಿಲ್ಲ. ಮೇಡಂ ಕತ್ತರಿ ಕೊಟ್ಟರು, ಸೀಳಿದವಳು ನಾನೇ. ಗಂಟಿನಲ್ಲಿ ಫ್ಲಾನಲ್ಲಿನ ಕೆಳಗೆ ಅದರ ಬಲ ಭುಜದ ತುಂಡಿದೆ. ನೋಡಿ, ಸೀಳಿದ ಗೆರೆ ಎಲ್ಲೂ ಅಲುಗಿಲ್ಲ. ಅದನ್ನು ಕತ್ತರಿಸಿದವಳಿಗೆ ಅಳತೆ ಎಂದರೇನೆಂದು ಗೊತ್ತಿತ್ತು.