ಕಪ್ಪು ಚುಕ್ಕೆಯ ಬಿಲ್ಲೆ

ಜನವರಿ 6, ಸೋಮವಾರ

ಶುದ್ಧವಾದ ಬಿಲ್ಲೆ ಊರಿಗೆ, ಬೆರಕೆಯದು ನಮ್ಮ ಕಾಲೋನಿಗೆ. ಇದು ಅನ್ಯಾಯ. ಹಂಚಿದವರು ಊರ ಯಜಮಾನ ದೊಡ್ಡಬೀರಯ್ಯ — ಅಮ್ಮ ಕೂಲಿಗೆ ಹೋಗುವುದು ಇವರ ಹೊಲಕ್ಕೇ.

ಒಲೆಯ ಬಿಸಿಯಿಂದ ಕರೆಂಟು ಮಾಡಿ ಬಲ್ಬು ಉರಿಸುವ ಬಿಲ್ಲೆಗಳು. ಒಂದು ಮುಖ ಬೆಂಕಿಗೆ, ಇನ್ನೊಂದು ತಣ್ಣೀರಿಗೆ. ಘಟ್ಟದ ಕೆಳಗಿನ ಕಾಲೇಜಿನವರು ಪರೀಕ್ಷೆಗೆಂದು ಕೊಟ್ಟದ್ದು. ಎರಡು ಪೆಟ್ಟಿಗೆ. ಬಿಳಿ ಚುಕ್ಕೆಯದರ ಮೇಲೆ ‘ಶುದ್ಧ’ ಎಂಬ ಚೀಟಿ. ಕಪ್ಪು ಚುಕ್ಕೆಯದರ ಮೇಲೆ ‘ಎರಡನೇ ಪದಾರ್ಥ ಬೆರೆತಿದೆ’. ಚೀಟಿ ಓದಿಯೇ ಹಂಚಿದರು. ಕಣ್ಣಾರೆ ಕಂಡೆ.

“ಬೆಳಕು ಬಂದ್ರೆ ಸಾಕು ಕಣ್ಲಾ ಶಿವಮಲ್ಲು,” ಎಂದಳು ಅಮ್ಮ. “ಒಲೆ ಒಗೆ ಕುಡ್ಕಂಡು ಮುದ್ದೆ ತೊಳ್ಸೋಳ್ಗೆ ಸುದ್ದ ಏನು, ಬೆರಕೆ ಏನು?”

ಸಾಲದು. ಕಾಲೇಜಿನ ಮೇಡಂಗೆ ಫೋನ್ ಮಾಡಿದೆ.

ಜನವರಿ 9, ಗುರುವಾರ

ಪರಿಮಳ ಮೇಡಂ ಬಂದಿದ್ದರು. ಹಾಸನೂರಿನವರು, ನಮ್ಮ ಮಾತೇ. ಕರಪತ್ರಗಳಲ್ಲಿ ಓದಿದ್ದನ್ನೆಲ್ಲ ಒದರಿದೆ — ಸಮಾನತೆ, ಹಕ್ಕು... ಪೂರ್ತಿ ಕೇಳಿ ನಕ್ಕರು.

“ಬೇಕೂಂತ್ಲೇ ಬೆರಸಿರದು ಕಣಪ್ಪ. ಲಂಟಾನ ಪೊದೇಲಿ ಆನೆ ತಿಣುಕ್ತದೆ, ಮೊಲ ನುಸುಳ್ತದೆ. ಬೆರಕೆ ಪೊದೆ, ಬಿಸಿ ಆನೆ, ಕರೆಂಟು ಮೊಲ. ಬಿಸಿ ದಾಟ್ದೆ ಆಚೆ ಮುಖ ತಣ್ಣಗಿದ್ದಷ್ಟೂ ಕರೆಂಟು ಜಾಸ್ತಿ.”

“ಅಂಗಾರೆ ಇನ್ನೂ ಬೆರ್ಸಿ ಮೇಡಂ.”

“ಪೊದೆ ಒತ್ತಾದ್ರೆ ಮೊಲಾನೂ ಸಿಕ್ಕಾಕೊಳ್ತದೆ.”

ಯಾವುದು ಯಾರಿಗೆ ಎಂದು ಅವರು ಹೇಳಿರಲಿಲ್ಲವಂತೆ. ಹಾಗಾದರೆ ಹಂಚಿದವರ ಅನ್ಯಾಯ ಅನ್ಯಾಯವೇ. ಆದರೂ...

ಸಂಜೆ ಒಲೆಯ ಮುಂದೆ ಕೂತೆ. ಬಿಲ್ಲೆಯೊಳಗೆ ಒಂದು ಕಾಡು. ಬಿಸಿಯ ಆನೆ ದಾರಿ ತಪ್ಪಿ ಅಲೆಯುತ್ತಿದೆ, ಕಿವಿ ಬೀಸುತ್ತ. ಪೊದೆಗಳ ಬುಡದಿಂದ ಬಿಳಿ ಮೊಲಗಳು — ಒಂದೊಂದಾಗಿ ಅಮ್ಮನ ಬಲ್ಬಿಗೆ ಹಾರುತ್ತಿವೆ. ಎಷ್ಟು ಹೊತ್ತೋ. ಮುದ್ದೆ ಆರಿಹೋಯಿತು.

ಜನವರಿ 22, ಬುಧವಾರ

ಮೇಡಂ ಕೊಟ್ಟ ಮೀಟರು ಹಿಡಿದು ಎರಡು ವಾರ ಎರಡೂ ಬೀದಿ ಅಳೆದೆ. ಊರಿನವರು ಒಳಗೆ ಕರೆಯಲಿಲ್ಲ. ಬಿಲ್ಲೆಯ ವಯರನ್ನು ಕಿಟಕಿಯಿಂದ ಹೊರಕ್ಕೆ ಇಳಿಬಿಟ್ಟರು. ಜಗಲಿಯ ಕೆಳಗೆ ನಿಂತೇ ಬರೆದುಕೊಂಡೆ. ಅವರದು 2.1 ವೋಲ್ಟ್, ಬಲ್ಬು ಮಿಣುಕುತ್ತದೆ. ನಮ್ಮದು 2.8.

ಮೂರು ಸಲ ಅಳೆದೆ. 2.8!

ಜನವರಿ 24, ಶುಕ್ರವಾರ, ಬೆಳಿಗ್ಗೆ 8

ಅಳತೆಯ ಸುದ್ದಿ ಕಿವಿಗೆ ಬಿದ್ದಿರಬೇಕು, ದೊಡ್ಡಬೀರಯ್ಯ ನಮ್ಮ ಬೇಲಿಯಾಚೆ ನಿಂತು ಕೂಗಿದರು.

“ಲೋ ಶಿವಮಲ್ಲು, ಬಿಲ್ಲೆ ಬದ್ಲಾಯ್ಸ್ಕಳನ ಕಣ್ಲಾ.”

“ಬೆರಕೇದು ನಿಮ್ಮ ಒಲೆಗಾಯ್ತದಾ ಯಜಮಾನ್ರೆ?”

“ಕೊಬ್ಬು ಕಣ್ಲಾ ನಿಂಗೆ.”

ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕೂಲಿ ತಪ್ಪಿದರೆ... ಈಗ ಬಿಲ್ಲೆ ಬಿಚ್ಚಿ ಕೊಡುತ್ತಾಳೆ ಅಂದುಕೊಂಡೆ.

“ಬಿಲ್ಲೆ ಕೊಡಾಕಿಲ್ಲ ಬುದ್ಧಿ,” ಎಂದಳು. “ಒಳೀಕ್ ಬಂದು, ಒಲೆ ಮುಂದೆ ಕೂತು ನೋಡಿ. ಚೆಂದಾಗದೆ ಅನ್ನುಸ್ದ್ರೆ ಇಬ್ರೂ ಸೇರಿ ಮೇಡಮ್ಮನ್ನ ಕೇಳನ, ಎಲ್ರಿಗೂ ಇಂತದೇ ಕೊಡಿ ಅಂತ.”

ನಮ್ಮ ಹೊಸಿಲು ಎಂದೂ ದಾಟಿದವರಲ್ಲ ಅವರು. ಬೇಲಿಯ ಸಡಿಲ ಗೂಟವನ್ನು ಒತ್ತಿ ನೆಟ್ಟಗೆ ಮಾಡಿದರು. ಆಮೇಲೆ, ನೆಲ ನೋಡುತ್ತ —

“ಒಲೆ ಯಾವಾಗ ಅಚ್ಚೀಯಾ, ಅಮ್ಮಿ?”

ಅಮ್ಮ ದಿನ ಹೇಳಿದಳು: ಭಾನುವಾರ, ಇಪ್ಪತ್ತಾರು. ಬೆಳಿಗ್ಗೆ ಆರೂವರೆ. ನಮ್ಮ ಒಲೆಯ ಮುಂದೆ.