ಎಲ್ಲದಕ್ಕೂ ಹೂಂ ಅನ್ನುವ ಒಪ್ಪಣ್ಣ

ಹುಬ್ಬಳ್ಳಿ, ಒಂಬತ್ತನೇ ಮೇಲೋಣಿ
೩೧ ಫೆಬ್ರವರಿ ೨೩೧೪

ನಮ್ಮ ಮುತ್ತಜ್ಜನ ಮುತ್ತಜ್ಜಂದಿರಿಗೆ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿ ತೀರಾ ಬಡಕಲು ಎಂದು ನಮ್ಮವರು ಅದಕ್ಕೆ ಮೂರು ದಿನ ಉಣ್ಣಿಸಿದ್ದಾರೆ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಮದುವೆ ಕರೆಯೋಲೆಗಳಿಂದ. ಆದ್ದರಿಂದ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಈ ಪತ್ರವನ್ನು ಓದಬೇಕಾಗಿ ವಿನಂತಿ.

ನಾನು ಕಲ್ಮೇಶ, ಕಟ್ಟೆಗತೆಗಾರ. ಇಲ್ಲಿ ಹೊಸ ಯಂತ್ರವನ್ನು ಪೇಟೆಗೆ ಬಿಡುವ ಮುನ್ನ ಕಂಪನಿಯ ಯಜಮಾನ ಓಣಿಯ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದು ಕತೆ ಕೇಳಬೇಕು. ಆ ಯಂತ್ರದಿಂದ ಯಾರ ಬದುಕು ಹೇಗೆ ಕೆಟ್ಟೀತು ಎಂದು ನಾವು ಕಟ್ಟಿ ಹೇಳುವ ಕತೆ. ಅಜ್ಜಿ ಕತೆ ಹೇಳುವಾಗ ನೀವು ಹೂಂಗುಟ್ಟುತ್ತಿದ್ದಿರಲ್ಲ, ಹಾಗೆಯೇ ಅವನೂ ಸಾಲು ಸಾಲಿಗೆ ಹೂಂ ಅನ್ನಬೇಕು. ಹೂಂ ನಿಂತರೆ ಕತೆ ನಿಂತಿತು, ಪರವಾನಗಿಯೂ ನಿಂತಿತು. ವರದಿಗೆ ಓದದೆ ಸಹಿ ಹಾಕಬಹುದು. ಕತೆಯೊಳಗೆ ಒಬ್ಬಳು ಅಳುತ್ತಿರುವಾಗ ಹೂಂ ಅನ್ನಬೇಕಾದರೆ ಆ ಅಳು ಕಿವಿಗೆ ಬೀಳಲೇಬೇಕು.

ಈ ಸಲ ಬಂದವನು ಒಪ್ಪಣ್ಣ. ಕಿವಿಗೆ ಸಿಕ್ಕಿಸಿಕೊಳ್ಳುವ ಗುಂಡಿ. ಯಾರು ಏನು ಒಪ್ಪಿಗೆ ಕೇಳಿದರೂ ನಿಮ್ಮ ಪರವಾಗಿ, ನಿಮ್ಮದೇ ದನಿಯಲ್ಲಿ ಹೂಂ ಅನ್ನುತ್ತಾನೆ. ಪರೀಕ್ಷೆಗೆಂದು ಅವನನ್ನು ಮೊದಲು ತೊಟ್ಟವಳು ನಮ್ಮಕ್ಕ ಶಾಂಭವಿ, ಹಾಡುಗಾರ್ತಿ. ಅವಳು ರೊಟ್ಟಿ ಬಡಿಯುತ್ತಿದ್ದಾಗ ಲಿಫ್ಟಿನ ಕಂಪನಿಯವರು ಕೇಳಿದ್ದಕ್ಕೆ ಹೂಂ ಅಂದು ಒಪ್ಪಣ್ಣ ಅವಳ ದನಿಯನ್ನೇ ಬರೆದುಕೊಟ್ಟುಬಿಟ್ಟ. ಈಗ ಊರಿನ ಲಿಫ್ಟುಗಳೆಲ್ಲ ಅಕ್ಕನ ದನಿಯಲ್ಲಿ ‘ಬಾಗಿಲಿನಿಂದ ದೂರ ಸರಿಯಿರಿ’ ಅನ್ನುತ್ತವೆ. ಅಕ್ಕ ಹಾಡಲು ಬಾಯಿ ತೆರೆದರೆ ಜನ ಹಿಂದೆ ಸರಿಯುತ್ತಾರೆ. ನಗಿ, ನಾನೂ ನಕ್ಕಿದ್ದೆ. ಅವಳು ಹಾಡುವುದನ್ನೇ ಬಿಟ್ಟ ಮೇಲೆ ನಗು ಬರಲಿಲ್ಲ.

ಪರವಾನಗಿ ಸಿಕ್ಕರೆ ಒಪ್ಪಣ್ಣ ಊರಿನ ಎಲ್ಲ ಕಿವಿಗೂ ಬರುವವನಿದ್ದ. ಕತೆಯ ಪಾಳಿ ನನ್ನದು. ಯಜಮಾನ ಪಂಪಾಪತಿ ಮಹಾಶಯರು ಕಣ್ಣು ಮುಚ್ಚಿ ಕೂತರು. ‘ಒಬ್ಬಳು ಹಾಡುವವಳಿದ್ದಳು’ ಅಂದೆ. ಹೂಂ. ‘ಅವಳ ದನಿ ಕಳುವಾಯಿತು.’ ಹೂಂ. ಹೂಂ ಬರುತ್ತಿತ್ತು, ತುಟಿ ಅಲುಗುತ್ತಿರಲಿಲ್ಲ. ಮಹಾಶಯರು ತಮ್ಮ ಒಪ್ಪಣ್ಣನನ್ನೇ ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದರು. ನಾನು ಕತೆಯ ದಾರಿ ಬದಲಿಸಿದೆ. ‘ಯಜಮಾನ್ರ, ನಿಮ್ಮ ದನೀನ ಕಸದ ಗಾಡಿಗೆ ಕೊಡ್ತೀರಿ, ಹೌದಿಲ್ರೀ?’ ಹೂಂ.

ಕಟ್ಟೆಯೆಲ್ಲ ನಕ್ಕಾಗ ಅವರಿಗೆ ಎಚ್ಚರವಾಯಿತು. ‘ಇದು ಮೋಸ. ನಾ ಎಲ್ಲಿ ಒಪ್ಪೀನಿ? ಹೂಂ ಅಂದದ್ದು ಯಂತ್ರ’ ಎಂದು ಕೂಗಿದರು.

‘ವರ್ಷದಿಂದ ನಾನೂ ಅದನ್ನ ಹೇಳಾಕತ್ತೀನ್ರೀ’ ಅಂದಳು ಅಕ್ಕ.

ಪರವಾನಗಿ ಅಲ್ಲೇ ನಿಂತಿತು. ಕಟ್ಟುಕತೆಗೂ ವ್ಯಾಪಾರಕ್ಕೂ ಏನು ಸಂಬಂಧ, ಈ ಪದ್ಧತಿಯನ್ನೇ ತೆಗೆಯಿರಿ ಎಂದು ಕಂಪನಿ ಈಗ ಅರ್ಜಿ ಹಾಕಿದೆ. ಹಾಕಲಿ. ಆ ಅರ್ಜಿಯ ಮೇಲೂ ನನ್ನ ಬಳಿ ಒಂದು ಕತೆಯಿದೆ.

ನಿಮ್ಮಲ್ಲಿ ಪರದೆಯ ಮೇಲೆ ‘ಒಪ್ಪಿದ್ದೇನೆ’ ಎಂಬ ಗುಂಡಿ ಇದೆಯಂತೆ. ಒತ್ತುವ ಮುಂಚೆ, ಒತ್ತಿದ ಮೇಲೆ ಏನಾದೀತೆಂದು ಒಂದು ಕತೆ ಕಟ್ಟಿ. ಆ ಗುಂಡಿ ಮಾಡಿದವರನ್ನೂ ಕೂರಿಸಿ ಹೇಳಿ. ಅವರ ತುಟಿಯ ಮೇಲೆ ಕಣ್ಣಿಡಿ.

ಅಕ್ಕನ ದನಿ ಇನ್ನೂ ವಾಪಸ್ ಬಂದಿಲ್ಲ. ಆದರೆ ನಿನ್ನೆ ತುಂಬಿದ ಲಿಫ್ಟಿನಲ್ಲಿ, ಅದು ‘ದೂರ ಸರಿಯಿರಿ’ ಅನ್ನುತ್ತಿರುವಾಗಲೇ, ಅವಳು ದನಿ ಏರಿಸಿ ಹಾಡಿದಳು. ಯಾರೂ ಹಿಂದೆ ಸರಿಯಲಿಲ್ಲ.

ಇಂತಿ ನಿಮ್ಮ ತುಂಟ,
ಕಲ್ಮೇಶ