ಕಕ್ಕಸಿನ ಬೀಗ

ಸನ್ಮಾನ್ಯ ಮ್ಯಾನೇಜರ್ ಸಾಹೇಬರಿಗೆ,

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ನಿಮ್ಮ ಕಾರ್ಖಾನೆಯ ಆರೋಗ್ಯ ಶಿಬಿರದಲ್ಲೇ. ನೀವೇ ಕೈಯಾರೆ ಮಾತ್ರೆ ಕೊಟ್ಟು ಕ್ಯಾಮೆರಾದ ಕಡೆ ನಕ್ಕಿರಿ. ಆ ಮಾತ್ರೆ ನನ್ನ ಹೊಟ್ಟೆ ಕೆಡಿಸಿತು. ಊಟವಾದ ಮೇಲೆ ಎರಡು ಸಲ ಕಕ್ಕಸಿಗೆ ಓಡಿದ್ದಕ್ಕೆ, "ಏನಮ್ಮ, ಅಲ್ಲೇ ಮನೆ ಮಾಡ್ಕೊಂಡ್ಯಾ?" ಎಂದಿರಿ.

"ಮಾಡ್ಕೊಂಡ್ರೆ ಬಾಡಿಗೆ ಕೇಳ್ತೀರಲ್ಲ ಸಾರ್," ಎಂದಳು ಪಕ್ಕದ ಹೊಲಿಗೆ ಮೆಷಿನ್ನಿನ ಅಕ್ಕ. ಸಾಲಿಗೆ ಸಾಲೇ ನಕ್ಕಿತು. ಅಷ್ಟಕ್ಕೇ ನಿಮ್ಮ ಮಾನ ಹೋಯಿತು. ಮಾರನೆಯ ದಿನದಿಂದ ಊಟದ ಹೊತ್ತು ಮುಗಿದೊಡನೆ ಹೆಂಗಸರ ಕಕ್ಕಸಿಗೆ ಬೀಗ, ಕೀಲಿಕೈ ನಿಮ್ಮ ಜೇಬಿನಲ್ಲಿ. ಎಂಥ ಖಜಾನೆ ಕಾಯುತ್ತಿದ್ದೀರಿ ಸ್ವಾಮಿ.

ನಿಮ್ಮ ಬೀಗಕ್ಕೆ ಹೆದರಿ ಮಾತ್ರೆ ಬಿಟ್ಟೆ. ಸಕ್ಕರೆ ಏರಿ, ಕಣ್ಣು ಮಂಜಾಗಿ, ಮೆಷಿನ್ನಿನ ಸೂಜಿ ಬೆರಳಿಗಿಳಿಯಿತು. ಡಾಕ್ಟರು ಬೈದು, ನಿಧಾನವಾಗಿ ಕರಗುವ ಬೇರೆ ಮಾತ್ರೆ ಬರೆದುಕೊಟ್ಟಿದ್ದಾರೆ. ಹೊಟ್ಟೆ ಹದಕ್ಕೆ ಬರಲು ಕೆಲವು ವಾರ ಬೇಕಂತೆ.

ನಾಳೆ ಮಾತ್ರೆ ನುಂಗಿಯೇ ಬರುತ್ತೇನೆ. ಬೀಗ ಹಾಗೇ ಇದ್ದರೆ ನಿಮ್ಮ ಕೋಣೆಯೊಳಗಿನ ಕಕ್ಕಸಿಗೇ ಬರುತ್ತೇನೆ. ಶಿಬಿರದ ಮಾತ್ರೆ ನುಂಗುವ ಉಳಿದ ಹೆಂಗಸರೂ ನನ್ನ ಹಿಂದೆ ಬರುವುದಾಗಿ ಹೇಳಿದ್ದಾರೆ. ಬಕೆಟ್ಟಿನಲ್ಲಿ ನೀರು ತುಂಬಿಸಿಡಿ.

ಇಂತಿ,
ಕಾಲರ್ ಹೊಲಿಯುವವಳು